ಒಡಲಮ್ಮ

ಹೆಸರು ಒಡೀಲ್. ಚಿಕ್ಕಮಗಳೂರಿನ ಬಾಯಿಗೆ ಅದು ಒಗ್ಗಲಿಲ್ಲ.
ಉಪ್ಪಳ್ಳಿಯ ಬಸುರಿಯರು ಒಂದಕ್ಷರ ಹೊರಳಿಸಿ
ಒಡಲಮ್ಮ ಅಂದರು.
ಹೆರಿಗೆ ಕೋಣೆಯಲ್ಲೇ ಐವತ್ತು ವರ್ಷ ನಿಂತವಳಿಗೆ
ಇನ್ನೇನು ಹೆಸರು ಬೇಕಿತ್ತು?

ಕೂಸಿನ ನೆತ್ತಿ ಕಂಡಾಗ ಒಂದು ಮಾತು ಅನ್ನುತ್ತಿದ್ದಳು:
ಹೊಪ್ಲಾ.
ಮಂತ್ರವಿರಬೇಕು ಅಂದುಕೊಂಡಿದ್ದೆವು.
ನನ್ನ ಕಿವಿಗೆ ಬಿದ್ದ ಮೊದಲ ಮಾತೂ ಅದೇ ಅಂತೆ,
ಬಾಂಗು ಎರಡನೆಯದು. ಉಮ್ಮ ಇದನ್ನು
ಬಾಪನಿಗೆ ಹೇಳಲೇ ಇಲ್ಲ.

ತೊಂಬತ್ತು ದಾಟಿದ ಮೇಲೆ ಒಂದೊಂದೇ ಭಾಷೆ ಕಳಚಿತು.
ಮೊದಲು ಇಂಗ್ಲಿಷು, ಕನ್ನಡಕದ ಹಾಗೆ, ಎಲ್ಲಿಟ್ಟಳೋ.
ಆಮೇಲೆ ಕನ್ನಡ. ನೀರು ಹೋಯಿತು, ಸಾಕು ಹೋಯಿತು,
ಒಂದು ಭಾನುವಾರ "ಬಾರೇ ನೆಬೀಸಾ" ಕೂಡ.
ಫ್ರೆಂಚ್ ಉಳಿಯುತ್ತದೆ, ತಾಯ್ನುಡಿಯಲ್ಲವೇ ಅಂದ ಮದರ್
ಪಾಂಡಿಚೇರಿಯಿಂದ ಸಿಸ್ಟರೊಬ್ಬರನ್ನು ಕರೆಸಿದರು.
ಆಕೆ ಕುರ್ಚಿ ಎಳೆದು ಕೂತು ಅರ್ಧ ತಾಸು ಕೇಳಿ
ಇದು ಫ್ರೆಂಚ್ ಅಲ್ಲ, ಜರ್ಮನ್ ಇರಬೇಕು ಅಂದರು.
ಜರ್ಮನ್ ಬಲ್ಲ ಕಾಫಿ ಕ್ಯೂರಿಂಗಿನ ಇಂಜಿನಿಯರು
ಟೋಪಿ ತೆಗೆದು ಬಾಗಿ ಕೇಳಿದರು.
ಜರ್ಮನ್ನೂ ಅಲ್ಲ. ಆಗಿದ್ದರೂ
ಹಳ್ಳಿಯದು, ಕೆಟ್ಟುಹೋದದ್ದು.

ಕೆಟ್ಟುಹೋದದ್ದು.
ಈ ಮಾತು ನನಗೆ ಹಳೆಯ ನೆಂಟ.

ಶಾಲೆಗೆ ಸೇರಿಸುವಾಗ ಮಾತೃಭಾಷೆ ಯಾವುದು ಅಂದರು ಮೇಷ್ಟ್ರು.
ಬ್ಯಾರಿ, ಅಂದರು ಬಾಪ.
ಅಂಥದ್ದೊಂದು ಇಲ್ಲ ಅಂತ ಅವರು ಉರ್ದು ಬರೆದುಕೊಂಡರು.
ಮಲಯಾಳ ಕೆಟ್ಟು ಹೀಗಾಯಿತು ಅಂದರು ಉಸ್ತಾದರು.
ಮೂಡಿಗೆರೆ ಬಸ್ಸಿನಲ್ಲಿ ಪಕ್ಕದವಳು, ತುಳುವಾ?
ಎಲ್ಲಕ್ಕೂ ಹೂಂ ಅಂದು ನನ್ನ ಸ್ಟಾಪಿನಲ್ಲಿ ಇಳಿದವಳು ನಾನು.

ಒಮ್ಮೆ ಗಾಜ್ ಬಟ್ಟೆ ಮಡಚುತ್ತ ಒಡಲಮ್ಮ ಹೇಳಿದ್ದಳು:
ನಮ್ಮೂರು ಅಲ್ಲಾಡಲಿಲ್ಲ ಕಣೇ, ಗಡಿ ಓಡಾಡಿತು.
ಅಜ್ಜ ಒಲೆಯ ಮುಂದಿನ ಒಂದೇ ಮಣೆಯಲ್ಲಿ ಕೂತು
ನಾಲ್ಕು ಸಲ ದೇಶ ಬದಲಿಸಿದ.
ಹನ್ನೊಂದಕ್ಕೆ ನಾನು ಒಟ್ಟೀಲಿಯೆ ಆದೆ,
ಫ್ರೆಂಚ್ ಆಡಿದರೆ ದಂಡ.
ಹದಿನಾರಕ್ಕೆ ಮತ್ತೆ ಒಡೀಲ್,
ಈಗ ಮನೆಮಾತಿಗೇ ದಂಡ.
ಅದು ಅಡುಗೆಮನೆ ಹೊಕ್ಕು ಬಾಗಿಲು ಹಾಕಿಕೊಂಡಿತು.
ಆಮೇಲೆ ಯಾರೂ ತಟ್ಟಲಿಲ್ಲ.

ಅಂತೂ ಬಾಗಿಲು ಒಳಗಿನಿಂದ ತೆರೆದಿತ್ತು.

ರಾತ್ರಿ ಪಾಳಿಯಲ್ಲಿ ನಾನು ಬ್ಯಾರಿಯಲ್ಲೇ ಉತ್ತರ ಕೊಟ್ಟೆ.
ಅರ್ಥವಾಯಿತು ಅಂತ ಸುಳ್ಳು ಹೇಳಲಾರೆ.
ಆದರೆ ಕೋಳಿಗೂಡು ಮುಚ್ಚದ ಯಾವಳನ್ನೋ ಬೈಯುವ ದನಿ,
ಸಾರಿಗೆ ಉಪ್ಪು ಕಮ್ಮಿ ಅನ್ನುವ ದನಿ,
ಕತ್ತಲಲ್ಲಿ ತಾಯನ್ನು ಕರೆಯುವ ದನಿ
ಗೊತ್ತಾಗದೇ ಇರುತ್ತದೆಯೇ?
ನಾನೂ ನನ್ನ ಅತ್ತೆಯನ್ನು ಬೈದೆ.
ಆಕೆ ತಲೆದೂಗಿದಳು.
ನಾಲ್ಕು ಗಂಟೆಗೆ ಚಾ ಬಂತು, ಇಬ್ಬರದೂ ಆರಿತು.

ಕೊನೆಯ ಬೆಳಗು ಹಾಸಿಗೆ ಬದಲಿಸಲು ಮಗ್ಗುಲು ತಿರುಗಿಸುವಾಗ
ನನಗರಿಯದೆ ನನ್ನ ಬಾಯಿಂದ ಬಂತು: ಹೊಪ್ಲಾ.
ನಕ್ಕಳು. ಹಲ್ಲಿಲ್ಲದ ಆ ನಗುವಿಗೆ
ಯಾವ ದೇಶದವರೂ ದಂಡ ಹಾಕುವಂತಿರಲಿಲ್ಲ.

ಮೊನ್ನೆ ದೊಡ್ಡಾಸ್ಪತ್ರೆಗೆ ಹೋಗಿದ್ದೆ, ಮೊಮ್ಮಗಳ ಹೆರಿಗೆ.
ಪರದೆಯಾಚೆ ಕೈಮರದ ನರ್ಸು ಪಾರ್ವತಕ್ಕ
ಹೊಪ್ಲಾ, ಅಂದಳು. ಕೂಸು ಅತ್ತಿತು.
ಯಾವ ಭಾಷೆ ಸಿಸ್ಟರ್ ಅದು, ಅಂದಳು ಟ್ರೈನಿಂಗಿನ ಹುಡುಗಿ.
ಯಾವ ಭಾಷೆ ಏನೇ, ಅಂದಳು ಪಾರ್ವತಕ್ಕ,
ನಮ್ಮೂರಿಂದು.