ಪಾಯ ತೆಗೆಯುವ ಕ್ಯಾಮೆರಾ

ದುರ್ಗಿಗುಡಿಯ ಈ ಮೆಟ್ಟಿಲು ಹತ್ತಿ ಬಂದವರು
ರೆಬೆಲ್ಲೊ ಮೇಸ್ತ್ರಿ. ಕರ್ಚೀಫಿನ ಗಂಟು ಬಿಚ್ಚಿ
ಮೇಜಿನ ಮೇಲಿಟ್ಟರು: ಅಂಗೈಗಿಂತ ಚಿಕ್ಕದು,
ಬೆಳ್ಳಿ ಬಣ್ಣ ಸವೆದು ಮೂಲೆಯಲ್ಲಿ ಕಪ್ಪು ಕಂಡಿದೆ.
‘ಮೂತಿ ಹೊರಗೆ ಹಾಕಿದ್ದು ಒಳಗೆಳಕೊಳ್ತಾ ಇಲ್ಲ,
ಆಮೆ ಸತ್ತ ಹಾಗೆ.’

ಸತ್ತಿಲ್ಲ, ಅಂದೆ. ಗುಂಡಿ ಒತ್ತಿದರೆ
ಕರ್ ಕರ್ ಅಂದು, ಮೂರು ಸಲ ಕೀಂಗುಟ್ಟಿ,
ಲೆನ್ಸ್ ಎರರ್ ಎಂದು ಪರದೆಯ ಮೇಲೆ ಬರೆದು
ತಾನೇ ಕಣ್ಣು ಮುಚ್ಚಿತು.
ಸತ್ತದ್ದು ಹೀಗೆ ದೂರು ಹೇಳುವುದಿಲ್ಲ.

ಬ್ಯಾಟರಿ ತೆಗೆದೆ. ಕಾರ್ಡು ತೆಗೆದೆ.
ಅಪ್ಪ ಕೈಗಡಿಯಾರಕ್ಕೆ ಬಳಸುತ್ತಿದ್ದ ಭೂತಗನ್ನಡಿ
ಕಣ್ಣಿಗೆ ಸಿಕ್ಕಿಸಿಕೊಂಡೆ. ಅಂಗಡಿಯ ಜೊತೆ ಬಂದ ಆಸ್ತಿ
ಅದು, ಮತ್ತೆ ಈ ಉಸಿರು ಬಿಗಿಹಿಡಿಯುವ ಚಾಳಿ.
ಆರು ತಿರುಪು, ಒಂದೊಂದೂ ಎಳ್ಳಿಗಿಂತ ಸಣ್ಣ.
ಬಿದ್ದರೆ ಫ್ಯಾನು ನಿಲ್ಲಿಸಿ, ಮಾತು ನಿಲ್ಲಿಸಿ,
ಮಂಡಿಯೂರಿ ಹುಡುಕಬೇಕು. ಒಂದು ಬಿತ್ತು.
ಮೇಸ್ತ್ರಿಯೇ ಹುಡುಕಿಕೊಟ್ಟರು,
ಮಟ್ಟ ನೋಡುವವರ ಹಾಗೆ ಅಂಗೈಯಿಂದ ನೆಲ ಸವರಿ.
‘ನಿಮ್ಮ ನೆಲ ಬಾಗಿಲ ಕಡೆ ವಾಲಿದೆ’ ಅಂದರು.

ಒಂದರೊಳಗೊಂದು ಸೇರುವ ಮೂರು ಬಳೆಗಳ ನಡುವೆ
ಸಿಕ್ಕಿತು: ಒಂದು ಕಣ.
ಚಿಮುಟದಲ್ಲಿ ಹಿಡಿದು ಬಿಳಿ ಕಾಗದದ ಮೇಲಿಟ್ಟೆ.
ಭೂತಗನ್ನಡಿ ಇಸಕೊಂಡು ಬಹಳ ಹೊತ್ತು ನೋಡಿದರು.
‘ಹೊಳೆ ಮರಳಲ್ಲ ಇದು. ತುಂಗೆಯದಾದರೆ
ಉರುಳಿ ಉರುಳಿ ಮೂಲೆ ಸವೆದಿರುತ್ತೆ.
ಇದು ಕ್ರಷರಿಂದು. ಇನ್ನೂ ಸಿಟ್ಟು ಇಳಿದಿಲ್ಲ.’

ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ನನಗೆ
ಕೆಡುಕಿನ ಊರು ಹೇಳಿರಲಿಲ್ಲ.

‘ಪಾಯ ತೆಗೀತೀನಿ. ಮೊದಲು ಗುದ್ದಲಿಯಲ್ಲಿ,
ಆಮೇಲೆ ಇದರಲ್ಲಿ. ಗೋಡೆ ಎಲ್ಲರೂ ನೋಡ್ತಾರೆ.
ಸೈಜುಗಲ್ಲು ಹೇಗೆ ಕೂತಿದೆ ಅಂತ
ಮಣ್ಣು ಮುಚ್ಚಿದ ಮೇಲೆ ಯಾರಿಗೆ ತೋರಿಸಲಿ?’

ಕಾರ್ಡಿನಲ್ಲಿ ಗಾಡಿಕೊಪ್ಪದ ಹದಿನೇಳು ಪಾಯ,
ಆಲ್ಕೊಳದ್ದು, ನವುಲೆಯ ಮೂಲೆ ಸೈಟಿನದು ನಾಲ್ಕು ಕೋನದಿಂದ.
ಎಲ್ಲದರ ಕೆಳಗೂ ಕಿತ್ತಳೆ ಅಂಕಿಯಲ್ಲಿ ಒಂದೇ ದಿನ:
ಎರಡು ಸಾವಿರದ ಎಂಟು, ಜನವರಿ ಒಂದು.
ಒಳಗಿನ ಪುಟ್ಟ ಸೆಲ್ಲು ಬರಿದಾಗಿದೆ, ಅಂದೆ.
ದೊಡ್ಡ ಬ್ಯಾಟರಿ ತೆಗೆದಾಗಲೆಲ್ಲ ಇದಕ್ಕೆ
ಹುಟ್ಟಿದ ದಿನ ಒಂದೇ ನೆನಪು.
‘ಹಾಗಾದರೆ ಒಂದೇ ದಿನದಲ್ಲಿ
ಅರ್ಧ ಊರು ಎಬ್ಬಿಸಿದ್ದೀನಿ’ ಅಂತ ನಕ್ಕರು.

ಕಾರ್ಡು ಹಾಕದೆ ಆನ್ ಮಾಡಿದೆ. ಮೂತಿ ಹೊರಬಂತು,
ಒಳಹೋಯಿತು, ಮತ್ತೆ ಬಂತು. ಪರದೆಯಲ್ಲಿ ನಾಯಿ.
ಕ್ಯಾಮೆರಾದ ಸ್ವಂತ ಹೊಟ್ಟೆಯಲ್ಲಿ ಒಂಬತ್ತು ಫೋಟೊಗೆ ಜಾಗ;
ಒಂಬತ್ತರಲ್ಲೂ ಅದೇ ಕಂದು ನಾಯಿ
ಯಾರದೋ ಊಟದ ಮೇಜಿನ ಕೆಳಗೆ,
ಕೊನೆಯದರಲ್ಲಿ ಬರೀ ಬಾಲ.
‘ನಮ್ಮದಲ್ಲ. ಬಿ.ಎಚ್. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು.’
ಅಳಿಸಲಾ? ನನ್ನ ಬೆರಳು ಕಸದ ಬುಟ್ಟಿಯ ಗುರುತಿನ ಮೇಲಿತ್ತು.

‘ನವುಲೆಯಲ್ಲಿ ಅಗೆಯುವಾಗ ಅರ್ಧ ಬೀಸುಕಲ್ಲು ಸಿಕ್ಕಿತ್ತು.
ಯಾರ ಮನೆಯದೋ. ಓನರು ಎಸಿ ಅಂದರು.
ಕಲ್ಲಲ್ವಾ, ಹಿಂದಿನ ಮೂಲೆಯಲ್ಲಿ ಕೂರಿಸಿದೆ.
ಈಗ ಅದರ ಮೇಲೆ ಎರಡು ಮಹಡಿ.
ಇರಲಿ ಬಿಡಿ ನಾಯಿ.’

ಹೊಸ ಸೆಲ್ಲಿಗೆ ಬೆಸುಗೆ ಹಾಕಿ ತಾರೀಖು ಹೇಳಿಕೊಟ್ಟೆ.
ಒಂದು ಮಾತು ಮೇಸ್ತ್ರಿ, ಒಮ್ಮೆಗೇ ಅದುಮಬೇಡಿ.
ಅರ್ಧ ಒತ್ತಿ. ತಡೀರಿ. ಅದು ದೂರ ಅಳೆಯುತ್ತಿರುತ್ತದೆ.
ಹಸಿರು ಚೌಕ ಬಂದ ಮೇಲೆ ಉಳಿದರ್ಧ.
‘ತೂಗುಗುಂಡು ಅಲ್ಲಾಡೋದು ನಿಲ್ಲಲಿ ಅಂತ
ಕಾಯೋ ಹಾಗೆ’ ಅಂದರು,
ಮತ್ತೆ ಕೂತಲ್ಲಿಂದಲೇ ನನ್ನ ಹೊಸ್ತಿಲಿಗೆ ಗುರಿಯಿಟ್ಟು
ಅರ್ಧ ಒತ್ತಿ, ಎಷ್ಟು ಹೊತ್ತು ತಡೆದರೆಂದರೆ
ಚಾ ಹುಡುಗ ಬಾಗಿಲಲ್ಲೇ ಲೋಟ ಹಿಡಿದು ನಿಂತ.

ಇನ್ನೂರೈವತ್ತು ಎಣಿಸಿಕೊಟ್ಟು ಇಳಿದು ಹೋದರು.
ಕಾಗದ ಮಡಿಸುವಾಗ ಅದರಡಿಯಿಂದ ಜಾರಿ
ಟಿಣ್ ಅಂತ ನೆಲಕ್ಕೆ ಬಿತ್ತು ಆರನೆಯ ತಿರುಪು.
ಫ್ಯಾನು ನಿಲ್ಲಿಸಿ ಕಿವಿಗೊಟ್ಟೆ.
ಬಾಗಿಲ ಕಡೆಗೇ ಉರುಳುತ್ತಿತ್ತು.