ಕೊಕ್ಕೆ

ಬೆಳಿಗ್ಗೆ ಆರೂವರೆಗೆ ರೈಟರ್ ಕುಂಞಿರಾಮಣ್ಣನ ಫೋನು:
"ರಂಸೀನಾ, ನಮ್ಮ ಮಳೆ ಕಾಣ್ತಾ ಇಲ್ಲ."
ಸುಂಟಿಕೊಪ್ಪದ ಮೇಲೆ ಆಗ ಮೋಡವೇ ಇರಲಿಲ್ಲ.
ಮಾರ್ಚ್ ತಿಂಗಳು, ಹೂಮಳೆಗೆ ಕಾಯುವವರು
ಮೊಗ್ಗನ್ನು ಉಗುರಲ್ಲಿ ಒತ್ತಿ ನೋಡುವ ಹೊತ್ತು.

ಅವರು ಕೇಳಿದ್ದು ಆಕಾಶದ್ದಲ್ಲ.
ನಾನು ನೋಡಿಕೊಳ್ಳುವ ಜಾಲತಾಣದಲ್ಲಿ ತೋಟಕ್ಕೊಂದು ಪುಟ,
ದಿನಕ್ಕೊಂದು ಸಾಲು: ಇಂಚು, ಸೆಂಟು.
ಹಾಥಾರ್ನ್ ತೋಟದ್ದು ನಲವತ್ತೊಂದು ವರ್ಷ.
ಅಷ್ಟನ್ನೂ ಅಳತೆಗೊಳವೆಗೆ ಸುರಿದು
ಕಣ್ಣಿನ ಮಟ್ಟಕ್ಕೆ ಎತ್ತಿ ಓದಿದವರು ಅವರೇ.

ತೋಟ ಈಗ ಕೈ ಬದಲಾಗಿದೆ.
ಹೊಸ ಧಣಿಯ ಅಳಿಯ ರಾತ್ರಿ ಕೂತು
ಶೀರ್ಷಿಕೆ ಅಳಿಸಿ 'ಮಂಜಿನ ಮಹಲು' ಎಂದು ಹೊಡೆದು
'ಉಳಿಸು' ಗುಂಡಿ ಒತ್ತಿದ್ದಾನೆ.
ಉಳಿಸುವುದು ಅಂದರೆ ಏನನ್ನು ಅಂತ
ಆ ಗುಂಡಿಗೂ ಗೊತ್ತಿರಲಿಲ್ಲ.
ಹಳೇ ವಿಳಾಸ ಹಿಡಿದು ಹೋದ ವಿಮೆ ಗುಮಾಸ್ತನಿಗೆ,
ಮೆಣಸಿನ ಕೊಳೆರೋಗದ ಮೇಲೆ ಪ್ರಬಂಧ ಬರೆಯುವ ಹುಡುಗಿಗೆ
ಬರೀ ಬಿಳಿ ಗೋಡೆ: ಪುಟ ಸಿಗಲಿಲ್ಲ.

ಇದಕ್ಕೆ ಮದ್ದು ಹುಕ್ಕು.
ನಮ್ಮಲ್ಲಿ ಕೊಕ್ಕೆ ಅಂದರೆ
ರೊಬಸ್ಟಾದ ಎತ್ತರದ ರೆಕ್ಕೆ ಬಾಗಿಸಿ
ಹಗ್ಗದ ತುದಿಯನ್ನು ಕಾಲಲ್ಲಿ ಮೆಟ್ಟಿ
ಎರಡೂ ಕೈ ಖಾಲಿ ಮಾಡಿಕೊಳ್ಳುವ ಉಪಾಯ.
ಉಮ್ಮ ಹಾಗೇ ಹಣ್ಣು ಕೊಯ್ಯುತ್ತಿದ್ದಳು.
ನನ್ನದೂ ಅಷ್ಟೇ:
ಹೆಸರು ಬದಲಾಗುವ ಆ ಒಂದು ಕ್ಷಣವನ್ನು
ಮುರಿಯದಂತೆ ಬಾಗಿಸು, ಬೇಕಾದ್ದು ಬಿಡಿಸಿಕೋ,
ಆಮೇಲೆ ಬಿಡು.

ಮೊದಲ ಸಲ ತಡವಾಗಿ ಹಾಕಿದೆ.
ಬದಲಾದ ಮೇಲೆ ಕೇಳಿದರೆ
ಪುಟ ಹೊಸ ಹೆಸರನ್ನೇ ಹೇಳುತ್ತದೆ.
ಹಿಂದೆ ಏನಂತಿದ್ದರು ನಿನ್ನನ್ನು, ಅಂದರೆ
ಸಾಲ ಕೊಟ್ಟವನನ್ನು ಕಂಡ ಹಾಗೆ ಸುಮ್ಮನೆ.
ಹಾಗಾಗಿ ಎರಡು ಕೊಕ್ಕೆ.
ಮುಂಚಿನದು ಹಳೇ ಹೆಸರನ್ನು ಚೀಟಿಯಲ್ಲಿ ಬರೆದಿಡುತ್ತದೆ,
ಆಮೇಲಿನದು ಚೀಟಿಯನ್ನು ಹಳೇ ಬಾಗಿಲಿಗೆ ಅಂಟಿಸುತ್ತದೆ:
ಇಲ್ಲಿದ್ದವರು ಇನ್ನೂರ ಹನ್ನೆರಡರಲ್ಲಿದ್ದಾರೆ.
ಇನ್ನೂರ ಹನ್ನೆರಡು ಪುಟದ ಅಂಕಿ.
ಅದನ್ನು ಯಾವ ಅಳಿಯನೂ ಮುಟ್ಟುವಂತಿಲ್ಲ.

ಮೂರು ವಾರಕ್ಕೆ ಅಳಿಯನ ಮನಸ್ಸು ತಿರುಗಿತು.
ಇಂಗ್ಲಿಷ್ ಹೆಸರಿಗೇ ಕೋಣೆಬಾಡಿಗೆ ಜಾಸ್ತಿಯಂತೆ,
ಮತ್ತೆ ಹಾಥಾರ್ನ್.
ಹಾಥಾರ್ನಿನ ಬಾಗಿಲಲ್ಲಿ ಹಳೇ ಚೀಟಿ ಹಾಗೇ ಇತ್ತು.
ಒಳಗೆ ಇರುವವರನ್ನೇ ಕೇಳಿ ಬಂದವರನ್ನು
ಅದೇ ಬಾಗಿಲಿಗೆ ಕಳಿಸಿತು, ಮತ್ತೆ ಕಳಿಸಿತು,
ತಾಲೂಕು ಕಚೇರಿಯ ಟೇಬಲಿನ ಹಾಗೆ.
ಕುಂಞಿರಾಮಣ್ಣ: "ಮಳೆ ಸುತ್ತುತ್ತಾ ಇದೆ ಮೋಳೇ, ಬೀಳ್ತಾ ಇಲ್ಲ."
ಒಂದು ಸಾಲು ಸೇರಿಸಿದೆ:
ವಾಪಸು ಬಂದವರ ಬಾಗಿಲ ಚೀಟಿ ಕಿತ್ತುಹಾಕು.

ಹೂಮಳೆ ಬಂತು. ಒಂದು ಇಂಚು ಹನ್ನೆರಡು ಸೆಂಟು.
ಗೇಜು ನೋಡಿ ಬರೋಣವೆಂದು ಪೇಟೆಯಲ್ಲಿ ಜೀಪು ಕೇಳಿದೆ.
ಹಾಥಾರ್ನ್? ತಲೆಯಾಡಿಸಿದ. ಮಹಲು? ನಕ್ಕ.
ಹಿಂದಿನ ಸೀಟಿನ ಲೈನ್‌ಮನೆ ಹೆಂಗಸು ತಾಯವ್ವ
ಬೀಡಾ ಉಗಿದು ಹೇಳಿದಳು:
"ಕಾಗೆಮೊಟ್ಟೆ ಅನ್ನು, ಕಾಗೆಮೊಟ್ಟೆ. ಹತ್ತು."

ಮೊಟ್ಟೆ ಅಂದರೆ ಇಲ್ಲಿ ಗುಡ್ಡ.
ಆ ಹೆಸರಿನ ಪುಟ ಎಂದೂ ಇರಲಿಲ್ಲ.
ಇಲ್ಲದ್ದು ಬದಲಾಗುವುದಿಲ್ಲ,
ಬದಲಾಗದ್ದು ಕೊಕ್ಕೆಗೆ ಸಿಗುವುದಿಲ್ಲ.

ಆ ರಾತ್ರಿ ಕೈಯಿಂದಲೇ ಬರೆದೆ:
ಕಾಗೆಮೊಟ್ಟೆ ಎಂದು ಕೇಳಿಕೊಂಡು ಬಂದವರನ್ನು
ಇನ್ನೂರ ಹನ್ನೆರಡಕ್ಕೆ ಕಳಿಸು.

ಈವರೆಗೆ ಒಬ್ಬರು ಬಂದಿದ್ದಾರೆ.
ನಾನೇ ಇರಬೇಕು,
ಬಾಗಿಲು ತೆರೆಯುತ್ತದೋ ಇಲ್ಲವೋ ನೋಡಲು.