ಮತ್ತೆ ಆಗಸ್ಟ್

ಕಂಪನಿಯ ಕೊನೆಯ ಪತ್ರ ಮೂರೇ ಸಾಲು.
ಈ ಆ್ಯಪ್ ಇಂದಿಗೆ ನಿವೃತ್ತ.
ಇಷ್ಟು ದಿನ ಜೊತೆಗಿದ್ದ ನಿಮಗೆ ವಂದನೆ.
ಮೂರನೆಯದು ಸಹಿ.

ನಮ್ಮಲ್ಲಿ ಯಾರಾದರೂ ನಿವೃತ್ತರಾದರೆ
ಹೆಗಲಿಗೆ ಕಂಬಳಿ ಹೊದಿಸುತ್ತಾರೆ, ಕುರಿ ಕೊಯ್ಯುತ್ತಾರೆ,
ಆತ ಎರಡು ಮಾತಾಡಲು ಎದ್ದು ಒಂದರಲ್ಲೇ ಅತ್ತುಬಿಡುತ್ತಾನೆ.
ಇದು ಹಾಗೆಲ್ಲ ಮಾಡಲಿಲ್ಲ.
ಬೆಳಿಗ್ಗೆ ಅಂಗಳದಲ್ಲಿ ಎಂಟು ಬೈಕು ಗುರುಗುಡುತ್ತಿದ್ದವು,
ಹಿಂದಿನ ತಣ್ಣನೆ ಪೆಟ್ಟಿಗೆಗಳು ರಕ್ತದ ಸೀಸೆಗಳಿಗೆ ಬಾಯ್ತೆರೆದಿದ್ದವು,
ಎಂಟು ಫೋನುಗಳೂ ಒಂದೇ ರಾಗ:
ಪರವಾನಗಿ ಮುಗಿದಿದೆ. ದಾರಿ ತೋರಿಸಲಾಗದು.

ಮೊಖೊಟ್ಲೊಂಗ್ ದಾಟಿದರೆ ಸಿಗ್ನಲ್ ಇಲ್ಲ.
ಬೆಟ್ಟವಿದೆ, ಅದರ ಬೆನ್ನಿಗೆ ಅದರ ಅಣ್ಣನಿದ್ದಾನೆ.
ಮಂಜು ಇಳಿದ ಮೇಲೆ ಕಲ್ಲು ಯಾವುದು ಕುರಿ ಯಾವುದು
ಕೂಗಿದರೆ ಗೊತ್ತು.

ನಾನು ಉಗ್ರಾಣದವಳು. ಸೂಜಿ, ಕೈಗವಸು, ಹತ್ತಿ.
ಚಾರ್ಜರುಗಳ ಕಪಾಟಿನ ಬೀಗದ ಕೈ ನನ್ನಲ್ಲಿತ್ತು,
ಹಾಗಾಗಿ ಫೋನುಗಳ ಗತಿಯೂ ನನ್ನ ಕೊರಳಿಗೆ ಬಿತ್ತು.
ಎರಡು ರಾತ್ರಿ ಕೂತೆ.
ಮೂರನೆಯದಕ್ಕೆ ಹೊಳೆದದ್ದು ಕಳ್ಳ ಉಪಾಯ:
ತಾರೀಖು ಹಿಂದಕ್ಕೆ ತಿರುಗಿಸಿದೆ.
ನಾಲ್ಕು ವರ್ಷ ಹಿಂದಿನ ಆಗಸ್ಟ್, ಒಂದು ಮಂಗಳವಾರ.
ಕಣ್ಣು ಮುಚ್ಚಿ ಆರಿಸಿದೆನೆಂದು ಎಲ್ಲರಿಗೂ ಹೇಳಿದ್ದೇನೆ.
ಫೋನು ನಂಬಿತು.
ಉದ್ರಿ ಲೆಕ್ಕ ಮರೆತ ಅಂಗಡಿಯವನಂತೆ
ಸುಮ್ಮನೆ ನೀಲಿ ಗೆರೆ ಎಳೆದುಕೊಟ್ಟಿತು.

ಸಿಮ್ ತೆಗೆದೆ. ಅಪ್‌ಡೇಟಿನ ಬಾಯಿ ಹೊಲಿದೆ.
ಗೋಡೆಗೆ ಬರೆದು ಅಂಟಿಸಿದೆ: ವೈಫೈ ಕಣ್ಣಿಗೆ ಬೀಳಿಸಬೇಡಿ,
ಬಾಣಂತಿ ಮನೆಯ ಕೂಸು ಇದು.

ಒಂದು ವಾರ ನಡೆಯಿತು.
ಆಮೇಲೆ ತ್ಸೆಲಿಸೊ ಸೊಂಟದವರೆಗೆ ನೆನೆದು ಬಂದ.
ಹಾ ಲೆಸೋಬದ ಸೇತುವೆ ಹೋದ ವರ್ಷವೇ ಹೊಳೆ ಪಾಲು,
ಫೋನು ಮಾತ್ರ ದಡದಲ್ಲಿ ನಿಂತು
ನೇರ ಹೋಗು, ನೇರ ಹೋಗು ಅನ್ನುತ್ತಿತ್ತಂತೆ.
ಬೈಯಲಿಲ್ಲ. ಬೂಟಿನಿಂದ ನೀರು ಸುರಿದು ಹೇಳಿದ:
ನಿನ್ನ ಫೋನಿಗೆ ಸಾವು ಗೊತ್ತಿಲ್ಲ, ಅಕ್ಕ.

ರೋಮಾದಲ್ಲಿ ಓದುವ ಖೌಹೆಲೊ ಕಲಿಸಿಕೊಟ್ಟಳು.
ಊರೂರಿನವರು ಬಿಟ್ಟಿ ಬರೆದಿಟ್ಟ ನಕ್ಷೆ ಇದೆ,
ಅದನ್ನು ಹಳೇ ಆ್ಯಪಿಗೆ ಜೀರ್ಣವಾಗುವಂತೆ ಅರೆಯಬೇಕು.
ದೊಡ್ಡ ತುತ್ತು ನುಂಗದು; ಜಿಲ್ಲೆಯನ್ನು ಏಳು ತುಂಡು ಮಾಡಿದೆವು.
ಮೆಮೊರಿ ಕಾರ್ಡು ಟ್ಯಾಕ್ಸಿಯಲ್ಲಿ ಬರುತ್ತಿತ್ತು,
ಒಮ್ಮೆ ಸಾಬೂನಿನ ಪೊಟ್ಟಣದೊಳಗೆ.
ಶನಿವಾರ ಹುಡುಗರು ಮೊತೊಹೊ ಗಂಜಿ ಕುಡಿಯುತ್ತ
ಬಿದ್ದ ಬೇಲಿ, ಹೊಸ ಗೇಟು, ಕಚ್ಚುವ ನಾಯಿ ಹೇಳುವರು,
ನಾನು ಬರೆದುಕೊಳ್ಳುವೆ.
ನಾಯಿಗೆ ನಕ್ಷೆಯಲ್ಲಿ ಗುರುತಿಲ್ಲ. ಬಾಯಲ್ಲೇ ಇಟ್ಟುಕೊಂಡಿದ್ದೇವೆ.

ಸೇತುವೆ ಅಳಿಸಿತು.
ಅದರ ಜೊತೆಗೆ ಇನ್ನೊಂದೂ ಅಳಿಸಿತು:
ಹಿಂಬದಿಯ ದಿಬ್ಬ ಹತ್ತಿ ಹಾ ಲೆಸೋಬಕ್ಕಿಳಿಯುವ ಸಣ್ಣ ಗೆರೆ.
ಯಾರ ನಕ್ಷೆಯಲ್ಲೂ ಇರದ ದಾರಿ, ಹಳೇ ಕಡತದಲ್ಲಿ ಮಾತ್ರ.
ಲೆಬಾಕೆಂಗ್ ಒಬ್ಬನೇ ಓಡಿಸಿ ಓಡಿಸಿ ಕೂಡಿಸಿದ್ದು,
ಹನ್ನೊಂದು ಕಿಲೋಮೀಟರು.

ತ್ಸೆಲಿಸೊನ ಹಿಂದೆ ಕೂತು ಹೋದೆ.
ಒಂದು ಕೈಯಲ್ಲಿ ಅವನ ಜಾಕೆಟ್ಟು, ಇನ್ನೊಂದರಲ್ಲಿ ಫೋನು,
ಉದ್ದಕ್ಕೂ ಚುಕ್ಕಿ ಉದುರಿಸುತ್ತ.
ದಾರಿ ಇತ್ತು. ಕುರಿಗಾಹಿಗಳು ತುಳಿದು ಉಳಿಸಿದ್ದರು.
ದಿಬ್ಬದ ನೆತ್ತಿಯಲ್ಲಿ ಬೈಕು ನಿಲ್ಲಿಸಿ
ಇಬ್ಬರೂ ಎಡಗಡೆಯ ಕಮರಿ ನೋಡಲಿಲ್ಲ.

ಈಗ ಎಂಟರಲ್ಲಿ ಆರು ಉಳಿದಿವೆ, ಎರಡರ ಬ್ಯಾಟರಿ
ಹೂರಣದ ಹೋಳಿಗೆಯಂತೆ ಉಬ್ಬಿವೆ.
ಯಾರೋ ಫೋನು ನೋಡಿ ಸೀಸೆಗೆ ತಾರೀಖು ಬರೆದ ದಿನ
ಪ್ರಯೋಗಾಲಯದವಳು ಕಿರುಚಿದಳು: ಇದೇನು ಉಪ್ಪಿನಕಾಯಿಯೇ,
ನಾಲ್ಕು ವರ್ಷ ಹಳೆಯ ರಕ್ತ?
ಅಂದಿನಿಂದ ಹಲಗೆಯ ಮೇಲೆ ಎರಡು ದಿನಾಂಕ.

ಲೆಬಾಕೆಂಗ್ ಹೋದದ್ದು ಆ ಆಗಸ್ಟಿನ ಮುಂದಿನ ಮಾರ್ಚಿನಲ್ಲಿ.
ಫೋನುಗಳು ಫೆಬ್ರವರಿಯ ಕೊನೆಗೆ ಬಂದವೆಂದರೆ
ಒಂದೊಂದಾಗಿ ಮೇಜಿಗೆ ತಂದು ಮತ್ತೆ ಆಗಸ್ಟ್ ಮಾಡುತ್ತೇನೆ.
ಪರವಾನಗಿಗೆ ಇನ್ನೂ ಮೂರು ವರ್ಷವಿದೆಯಲ್ಲ, ಅಕ್ಕ,
ಎಂದು ಹೊಸ ಹುಡುಗ ಕೇಳಿದ.
ಇರಲಿ, ಎಂದೆ, ಚಾರ್ಜರಿನ ಧೂಳು ಒರೆಸುತ್ತ.